ಸನ್ನತಿಯ ಶಿಲಾಫಲಕವೂ ಓಲೆಗರಿಯ ಪ್ರತಿಗಳೂ

ಭೀಮಾನದಿಯ ದಂಡೆಯ ಸನ್ನತಿಯು ಚಂದ್ರಲಾಂಬೆಯ ಕ್ಷೇತ್ರವೆಂದು ಪ್ರಸಿದ್ಧವಾದುದು. ಇಲ್ಲಿಯ ಪ್ರಾಚೀನ ಅವಶೇಷಗಳತ್ತ 1954ರಲ್ಲಿ ವಿದ್ವಾಂಸರ ಗಮನ ಸೆಳೆದವರು ಕಪಟರಾಳ ಕೃಷ್ಣರಾಯರು. ಆದರೆ ಈ ಊರಿನ ಅತ್ಯಮೂಲ್ಯ ದಾಖಲೆಯು ಬೆಳಕಿಗೆ ಬರಲು ಮತ್ತೆ ಮೂರು ದಶಕಗಳು ಕಳೆಯಬೇಕಾಯಿತು. ಅದೂ ಒಂದು ಅವಘಡದಿಂದ. 1986ರಲ್ಲಿ ದೇವಾಲಯದ ಆವರಣದಲ್ಲಿದ್ದ ಕಾಳಿಕಾ ಗುಡಿಯ ಮಾಳಿಗೆ ಕುಸಿದು ಮೂರ್ತಿಯು ಭಗ್ನವಾದಾಗ, ಅದಕ್ಕೆ ಪೀಠವಾಗಿದ್ದ ಕಲ್ಲಿನಲ್ಲಿ ಬ್ರಾಹ್ಮೀ ಅಕ್ಷರಗಳು ಕಂಡುಬಂದವು. ಅದು ಅಶೋಕ ಚಕ್ರವರ್ತಿಯ ಶಾಸನವಾಗಿತ್ತು.

ಫಲಕದ ಎರಡು ಮುಖಗಳಲ್ಲಿಯೂ ಪ್ರಾಕೃತ ಭಾಷೆಯ ಬರಹವಿದೆ. ಒಂದರಲ್ಲಿ 12 ಮತ್ತು 14ನೆಯ ಬೃಹತ್ ಶಿಲಾಶಾಸನಗಳ ಭಾಗಗಳು, ಇನ್ನೊಂದರಲ್ಲಿ ಎರಡು ಪ್ರತ್ಯೇಕ ಶಾಸನಗಳು. ಮಸ್ಕಿ, ಬ್ರಹ್ಮಗಿರಿ, ಕೊಪ್ಪಳಗಳಲ್ಲಿ ದೊರೆತವು ಲಘು ಶಾಸನಗಳು. ಪ್ರತ್ಯೇಕ ಶಾಸನಗಳಂತೂ ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ತಿಳಿದಿದ್ದವು.

ಮೂರ್ತಿಯನ್ನು ನಿಲ್ಲಿಸುವುದಕ್ಕೆಂದು ಫಲಕದ ನಡುವೆ ರಂಧ್ರವನ್ನು ಕೊರೆಯಲಾಗಿದೆ. ಅಲ್ಲಿದ್ದ ಅಕ್ಷರಗಳು ನಾಶವಾಗಿವೆ. ಕೊರೆದ ಕಲ್ಲುಕುಟಿಗನನ್ನು ದೂಷಿಸುವುದು ನ್ಯಾಯವಲ್ಲ. ಬ್ರಾಹ್ಮೀ ಲಿಪಿಯನ್ನು ಓದುವ ಬಲ್ಲವಿಕೆಯೇ ನಾಡಿನಿಂದ ಅಳಿದುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಮರಳಿ ಓದಿದನು. ಕುಟಿಗನಿಗೆ ಕಂಡದ್ದು ಮಟ್ಟಸವಾದ ಒಂದು ಚಪ್ಪಡಿ, ಅಷ್ಟೆ. ಪೀಠವಾಗದಿದ್ದಲ್ಲಿ ಅದು ಯಾವ ಗೋಡೆಯಲ್ಲಿ ಚೂರಾಗುತ್ತಿತ್ತೋ!

ಆ ರಂಧ್ರದಲ್ಲಿ ಅಳಿದ ಮಾತುಗಳು ಏನೆಂಬುದನ್ನು ಇಂದು ಬಹುಮಟ್ಟಿಗೆ ಊಹಿಸಬಹುದಾಗಿದೆ. ಏಕೆಂದರೆ ಅಶೋಕನು ಒಂದೇ ಪಾಠವನ್ನು ಹಲವೆಡೆ ಕೆತ್ತಿಸಿದ್ದನು. ಸನ್ನತಿಯಲ್ಲಿ ಕಳೆದುದನ್ನು ಧೌಲಿಯ ಬಂಡೆ ಕೊಡುತ್ತದೆ. ಅಲ್ಲಿ ಸವೆದುದನ್ನು ಜೌಗಡ ತುಂಬುತ್ತದೆ. 14ನೆಯ ಶಾಸನದಲ್ಲಿ ಚಕ್ರವರ್ತಿಯೇ ಒಂದು ಮಾತನ್ನು ಸೇರಿಸಿದ್ದಾನೆ: ಕೆಲವೆಡೆ ಬರಹವು ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದೆಂಬುದು ಅದರ ತಾತ್ಪರ್ಯ. ಎಷ್ಟೋ ಶತಮಾನಗಳ ತರುವಾಯ ಕನ್ನಡದ ಪ್ರತಿಕಾರರೂ ಓಲೆಯ ಕೊನೆಯಲ್ಲಿ, ತಪ್ಪುಗಳಿದ್ದರೆ ತಿದ್ದಿ ಓದಿರೆಂದು ಪ್ರಾರ್ಥಿಸುವ ಪರಿಪಾಠವನ್ನಿಟ್ಟುಕೊಂಡಿದ್ದರು.

ಓಲೆಗರಿಗೆ ಕಲ್ಲಿನ ಆಯುಷ್ಯವಿಲ್ಲ. ಗೆದ್ದಲು, ತೇವ, ಸಡಿಲವಾದ ಕಟ್ಟು, ಇವುಗಳಲ್ಲಿ ಯಾವುದಾದರೊಂದು ಸಾಕು. ಸನ್ನತಿಯ ನೆರೆಯ ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ 'ಕವಿರಾಜಮಾರ್ಗ' ರಚಿತವಾಯಿತು. ಆ ಕಾಲದ ಓಲೆಯೊಂದೂ ಉಳಿದಿಲ್ಲ. ಪ್ರತಿಯಿಂದ ಪ್ರತಿಗೆ ಸಾಗಿಬಂದ ಆ ಕೃತಿಯನ್ನು ಕೆ. ಬಿ. ಪಾಠಕರು 1898ರಲ್ಲಿ ಅಚ್ಚಿಗೆ ತಂದರು.

ಆದ್ದರಿಂದ ಹಸ್ತಪ್ರತಿ ಭಂಡಾರದಲ್ಲಿ ಒಂದೇ ಕೃತಿಯ ಎರಡನೆಯ, ಮೂರನೆಯ ಪ್ರತಿ ದೊರೆತಾಗ 'ಇದು ಆಗಲೇ ನಮ್ಮಲ್ಲಿದೆ, ಅಚ್ಚಾಗಿಯೂ ಇದೆ' ಎಂದು ಬದಿಗಿಡುವುದು ಸರಿಯಲ್ಲ. ಒಂದರಲ್ಲಿ ಹುಳು ತಿಂದ ಸಾಲು ಮತ್ತೊಂದರಲ್ಲಿ ಅಖಂಡವಾಗಿರಬಹುದು. ಹಳೆಯ ಮನೆಗಳ ಅಟ್ಟದಲ್ಲಿರುವ ಕಟ್ಟುಗಳ ವಿಷಯದಲ್ಲಿಯೂ ಇದೇ ಮಾತು. ಫ. ಗು. ಹಳಕಟ್ಟಿಯವರು ಮನೆಮನೆಗಳ, ಮಠಗಳ ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಅನಂತರವೂ ಹೊಸ ಪ್ರತಿಗಳು, ಪಾಠಾಂತರಗಳು ದೊರೆಯುತ್ತಲೇ ಹೋದವು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ 'ಸಮಗ್ರ ವಚನ ಸಂಪುಟ'ದ 15 ಸಂಪುಟಗಳು ಹೊರಬಂದಾಗ 1993ನೆಯ ಇಸವಿ. ಆ ಮೊದಲ ಭಾಗಕ್ಕೆ ಆಗಲೇ ಎಪ್ಪತ್ತು ವರ್ಷ ತುಂಬಿದ್ದವು.