ಆರೋಗ್ಯ ಪ್ರಶ್ನೋತ್ತರ: ಮನೆಗೆ ಮರಳಿದವರು

ಪ್ರಶ್ನೆ: ಮಗಳು ನಾಲ್ಕು ವರ್ಷಗಳ ಮೇಲೆ ಅಮೆರಿಕದಿಂದ ಮೂರು ವರ್ಷದ ಕೂಸಿನೊಡನೆ ಊರಿಗೆ ಬರುತ್ತಿದ್ದಾಳೆ. ಕೂಸು ನಮ್ಮ ಕಡೆಯ ನೀರು, ಗಾಳಿ, ಊಟ ಯಾವುದನ್ನೂ ಕಂಡದ್ದಲ್ಲ. ನಾವು ವಹಿಸಬೇಕಾದ ಜಾಗ್ರತೆ ಏನು?
— ಒಬ್ಬ ಅಜ್ಜ, ರಾಯದುರ್ಗ

ಉತ್ತರ: ಹಿರಿಯರೇ, ಮೊದಲು ನಿದ್ರೆಯ ವಿಷಯ. ಬೇಸಗೆಯಲ್ಲಿ ಅಮೆರಿಕದ ಪೂರ್ವತೀರಕ್ಕೂ ನಮಗೂ ಒಂಬತ್ತೂವರೆ ಗಂಟೆಗಳ, ಪಶ್ಚಿಮತೀರಕ್ಕೂ ನಮಗೂ ಹನ್ನೆರಡೂವರೆ ಗಂಟೆಗಳ ಅಂತರವಿದ್ದು, ದೇಹದೊಳಗಿನ ಗಡಿಯಾರವು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಹೊಂದಬಲ್ಲುದಾದ್ದರಿಂದ, ಕೂಸು ಮೊದಲ ವಾರವೆಲ್ಲ ಮಧ್ಯರಾತ್ರಿಯಲ್ಲಿ ಎದ್ದು ಆಡಿ, ನೆಂಟರು ನೋಡಲು ಬಂದ ಹೊತ್ತಿಗೆ ಸರಿಯಾಗಿ ಮಲಗಿಬಿಟ್ಟರೆ ಯಾರೂ ಗಾಬರಿಯಾಗಬೇಕಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಅಂಗಳದಲ್ಲಿ ಆಡಲು ಬಿಡುವುದೇ ಇದಕ್ಕೆ ಉತ್ತಮ ಚಿಕಿತ್ಸೆ. ನಿದ್ರೆಯ ಔಷಧವನ್ನು ಮಾತ್ರ ಕೂಸಿಗೆ ಕೊಡಲೇಬಾರದು.

ನೀರನ್ನು ಚೆನ್ನಾಗಿ ಕುದಿಬಂದ ಮೇಲೂ ಒಂದು ನಿಮಿಷ ಕುದಿಸಿ, ಕಾಯಿಸಿದ ಪಾತ್ರೆಯಲ್ಲಿಯೇ ಆರಿಸಿ ಕೊಡಿರಿ. ಮಗಳೂ ಅದೇ ನೀರನ್ನು ಕುಡಿಯಲಿ. ಇಲ್ಲಿಯೇ ಹುಟ್ಟಿ ಬೆಳೆದವಳಿಗೆ ಏನಾದೀತೆಂಬ ಭರವಸೆ ಸಲ್ಲದು, ಏಕೆಂದರೆ ಬಾಲ್ಯದಲ್ಲಿ ಜಠರಕ್ಕೆ ಒದಗಿದ್ದ ಸಹಿಷ್ಣುತೆಯು ಪರದೇಶದ ವಾಸದಲ್ಲಿ ಮೆಲ್ಲಮೆಲ್ಲನೆ ಕರಗಿಹೋಗುತ್ತದೆ. ಕೂಸಿಗೆ ಭೇದಿ ಕಂಡರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟು ನೀರಿಗೆ ಬೆರೆಸಿ ಗುಟುಕುಗುಟುಕಾಗಿ ಕುಡಿಸಿರಿ. ಪೊಟ್ಟಣ ಸಿಕ್ಕದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಿರೆಗೆ ಏರಿಸುವ ದ್ರವವು ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬೀಸರು ಇಂಥ ನೀರನ್ನೇ ಪೀಪಾಯಿಗಳಲ್ಲಿ ತುಂಬಿಸಿ, ಬಂಧುಗಳ ಕೈಯಿಂದಲೇ ರೋಗಿಗಳಿಗೆ ಕುಡಿಸಿ, ಸಾವಿರಾರು ಜೀವಗಳನ್ನು ಉಳಿಸಿದರು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಮಂಕಾಗಿ ಕುಡಿಯಲೊಲ್ಲದಾದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಟೈಫಾಯಿಡ್ ಲಸಿಕೆಯ ವಿಷಯವನ್ನು ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಅಲ್ಲಿಯ ವೈದ್ಯರೊಡನೆ ವಿಚಾರಿಸುವಂತೆ ಮಗಳಿಗೆ ತಿಳಿಸಿರಿ. ಕೆಮ್ಮುವ ನೆಂಟರು ಕೂಸನ್ನು ಮುದ್ದಿಡದಂತೆ ನೀವೇ ಹಿರಿಯರಾಗಿ ತಡೆಯಬೇಕು. ಈ ನಿಷ್ಠುರ ನಿಮ್ಮ ಪಾಲಿಗಿರಲಿ.

ಪ್ರಶ್ನೆ: ನಮ್ಮ ಮನೆಯವರು ಆರು ವರ್ಷ ಕುವೈತಿನಲ್ಲಿ ಕಟ್ಟಡದ ಕೆಲಸ ಮಾಡಿ ಹೋದ ತಿಂಗಳು ಬಂದರು. ಬಂದ ದಿನ ಹೋಳಿಗೆ ಮಾಡಿ ಬಳಗವನ್ನೆಲ್ಲ ಕರೆದೆವು. ಈಗ ಅವರಿಗೆ ನಿದ್ದೆ ಇಲ್ಲ, ರೊಟ್ಟಿ ಸೇರುವುದಿಲ್ಲ, ಯಾರೊಡನೆಯೂ ಮಾತಿಲ್ಲ. ಸಂಜೆಯಾದರೆ ಹಗರಿ ಹೊಳೆಯ ಮರಳುದಿಬ್ಬದ ಮೇಲೆ ಒಬ್ಬರೇ ಹೋಗಿ ಕೂಡುತ್ತಾರೆ. ಅವರು ಹೋದಾಗ ವರ್ಷದ ಕೂಸಾಗಿದ್ದ ಮಗ ಈಗ ಹತ್ತಿರ ಹೋಗಲು ಅಂಜುತ್ತಾನೆ. ಗಾಳಿ ಸೋಕಿದೆ, ಅಂತ್ರ ಕಟ್ಟಿಸು ಅಂತ ಅತ್ತೆಯವರು ಹೇಳುತ್ತಾರೆ. ಇದು ರೋಗವೇ?
— ಒಬ್ಬ ಗೃಹಿಣಿ, ಬೊಮ್ಮನಹಾಳ್

ಉತ್ತರ: ತಾಯೀ, ಅಂತ್ರ ಕಟ್ಟಿಸುವುದರಿಂದ ನಿಮ್ಮ ಅತ್ತೆಯವರ ಮನಸ್ಸಿಗೆ ಸಮಾಧಾನವಾಗುವುದಾದರೆ ಕಟ್ಟಿಸಿರಿ; ಆದರೆ ಅದನ್ನು ಕಟ್ಟಿಸಿ ಸುಮ್ಮನಾಗಬೇಡಿರಿ.

ಕುವೈತಿನ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ನಿಮ್ಮೂರಿನಲ್ಲಿ ರಾತ್ರಿ ಹತ್ತಾದಾಗ ಅಲ್ಲಿ ಏಳೂವರೆ. ಅಷ್ಟು ಅಂತರವನ್ನು ದೇಹವು ಮೂರು ನಾಲ್ಕು ದಿನಗಳಲ್ಲಿ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದ ತಿಂಗಳು ಕಳೆದ ಮೇಲೂ ಉಳಿದಿರುವ ಈ ಅನಿದ್ರೆಗೆ ಪ್ರಯಾಣವು ಕಾರಣವಲ್ಲ. ಬೇರೆಯದನ್ನೇ ನಾವು ಹುಡುಕಬೇಕು.

ಮೊದಲು ಶರೀರವನ್ನು ನೋಡೋಣ. ಜೂನ್ 1ರಿಂದ ಆಗಸ್ಟ್ 31ರವರೆಗೆ ಹಗಲು ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ಯಾರಿಂದಲೂ ಕೆಲಸ ಮಾಡಿಸಕೂಡದೆಂದು ಆ ದೇಶದಲ್ಲಿ ನಿಯಮವಿರುವುದೇ ಅಲ್ಲಿಯ ತಾಪದ ಉಗ್ರತೆಗೆ ಸಾಕ್ಷಿ. ಉಳಿದ ಹೊತ್ತಿನಲ್ಲಿಯಾದರೂ ವರ್ಷಗಟ್ಟಲೆ ಬೆವರು ಸುರಿಸಿ, ಕುಡಿಯಬೇಕಾದಷ್ಟು ನೀರು ಕುಡಿಯದೆ ದುಡಿದವರ ಮೂತ್ರಪಿಂಡಗಳು ಯಾವ ನೋವನ್ನೂ ತೋರದೆ ಬಳಲಿರಬಹುದು. ಊಟ ಸೇರದಿರುವುದು ಅದರದೇ ಲಕ್ಷಣವಾಗಿರಲೂಬಹುದು. ರಕ್ತದೊತ್ತಡ, ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಥೈರಾಯಿಡ್, ಮೂತ್ರ, ಇಷ್ಟನ್ನೂ ಈ ವಾರವೇ ಪರೀಕ್ಷೆ ಮಾಡಿಸಿರಿ. ಎರಡು ವಾರಗಳಿಗೆ ಮೀರಿದ ಕೆಮ್ಮಿದ್ದರೆ ಕಫದ ಪರೀಕ್ಷೆಯೂ ಆಗಬೇಕು; ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣ ಕೊಡಬೇಕಿಲ್ಲ. ಇಂಥ ದೇಶದಲ್ಲಿ ಇಷ್ಟು ವರ್ಷ ಇದ್ದೆನೆಂದು ವೈದ್ಯರಿಗೆ ಅವರು ತಾವಾಗಿಯೇ ಹೇಳಲಿ. ಕೇಳಲು ಮರೆಯುವ ವೈದ್ಯರುಂಟು.

ಇವೆಲ್ಲವೂ ಸರಿಯಾಗಿದ್ದರೆ, ಇನ್ನು ಮನಸ್ಸಿನ ಮಾತು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯವಿದ್ಯಾರ್ಥಿಯು, ಪರದೇಶಕ್ಕೆ ಹೋದವರು ಊರಿನ ಹಂಬಲದಿಂದ ಊಟ ನಿದ್ರೆ ಬಿಟ್ಟು ಕೃಶರಾಗುವುದನ್ನು ಕಂಡು, ಮರಳುವಿಕೆ ಮತ್ತು ವೇದನೆ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಆ ವ್ಯಾಧಿಗೆ 'ನಾಸ್ಟಾಲ್ಜಿಯ' ಎಂದು ಹೆಸರಿಟ್ಟನು. ಊರಿಗೆ ಕಳುಹಿಸಿಬಿಡುವುದೇ ಆತನು ಅದಕ್ಕೆ ಕಂಡ ಪರಮೌಷಧ. ಆದರೆ ಮನೆಗೆ ಬಂದ ಮೇಲೆಯೇ ಆರಂಭವಾಗುವ ವೇದನೆಯೊಂದುಂಟು. ಆರು ವರ್ಷ ಪ್ರತಿ ರಾತ್ರಿಯೂ ನೆನೆಸಿಕೊಂಡು ಮಲಗಿದ ಮನೆಯು ಆರು ವರ್ಷದ ಹಿಂದಿನದು. ಇಂದು ಅಲ್ಲಿ ಮಗನು ಬೆಳೆದಿದ್ದಾನೆ, ತಾಯಿಗೆ ವಯಸ್ಸಾಗಿದೆ, ಸಂಸಾರದ ಭಾರವನ್ನೆಲ್ಲ ಒಬ್ಬರೇ ಹೊತ್ತು ನೀವೂ ಬೇರೆಯ ಮನುಷ್ಯರಾಗಿದ್ದೀರಿ. ಪತ್ರದಲ್ಲಿ ನಿಮ್ಮ ವಿಷಯವಾಗಿ ಒಂದು ಮಾತನ್ನೂ ಬರೆಯದಿದ್ದರೂ, ಈ ಆರು ವರ್ಷಗಳು ನಿಮ್ಮವೂ ಆಗಿದ್ದವೆಂಬುದನ್ನು ನಾನು ಮರೆತಿಲ್ಲ. ತಾನಿಲ್ಲದೆಯೂ ನಡೆದುಹೋದ ಮನೆಯನ್ನು ಕಂಡಾಗ, ಆ ಮನೆಗಾಗಿಯೇ ದುಡಿದವನ ಹೃದಯದಲ್ಲಿ ಏಳುವ ಶೂನ್ಯಭಾವವನ್ನು ಕೃತಘ್ನತೆಯೆಂದಾಗಲೀ ಗರ್ವವೆಂದಾಗಲೀ ಯಾರೂ ತಿಳಿಯಬಾರದು.

ಇದರ ಮೇಲೆ ಬಂಧುಗಳ ಪ್ರಶ್ನೆಗಳು: ಎಷ್ಟು ತಂದೆ, ಹೊಲ ಕೊಳ್ಳುವೆಯಾ, ಮತ್ತೆ ಯಾವಾಗ ಹೋಗುವೆ? ಇವನ್ನು ನಿಲ್ಲಿಸಿರಿ. 1915ರ ಜನವರಿ 9ರಂದು ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ಎರಡು ದಶಕ ಕಳೆದು, ಲಂಡನ್ನಿನಲ್ಲಿ ಶ್ವಾಸಕೋಶದ ಪೊರೆಯ ಉರಿಯೂತದಿಂದ ಬಳಲಿ, ಮುಂಬಯಿಗೆ ಬಂದಿಳಿದಾಗ, ಒಂದು ವರ್ಷ ದೇಶವನ್ನು ಸುಮ್ಮನೆ ನೋಡುತ್ತ ಸಂಚರಿಸಿ, ಸಾರ್ವಜನಿಕ ವಿಷಯಗಳಲ್ಲಿ ಅಭಿಪ್ರಾಯ ಹೇಳದಿರುವಂತೆ ಗೋಖಲೆಯವರು ಅವರಿಂದ ಮಾತು ಪಡೆದಿದ್ದರು. ಗೋಖಲೆಯವರ ಉದ್ದೇಶ ರಾಜಕೀಯದ್ದು. ಆದರೂ ವೈದ್ಯನಾದ ನನಗೆ ಅದರಲ್ಲಿ ಒಂದು ಪಥ್ಯವೂ ಕಾಣುತ್ತದೆ. ಒಂದು ವರ್ಷವಲ್ಲದಿದ್ದರೆ ಮೂರು ತಿಂಗಳಾದರೂ ನಿಮ್ಮ ಯಜಮಾನರಿಂದ ಯಾವ ನಿರ್ಧಾರವನ್ನೂ ಕೇಳದಿರಿ. ಎದ್ದು ಮಲಗುವುದಕ್ಕೆ ನಿಯತಕಾಲ, ಹಗಲು ಹೊಲದಲ್ಲಿ ಅಷ್ಟಿಷ್ಟು ಕೆಲಸ, ಸಂಜೆಯ ಮೇಲೆ ಚಹ ಇಲ್ಲ; ನಿದ್ರೆಗೆಂದು ಮದ್ಯವಂತೂ ಕೂಡದೇ ಕೂಡದು.

ಮಂಕು ಎರಡು ವಾರಗಳಿಗೆ ಮೀರಿ ಉಳಿದಿರುವುದರಿಂದ ಮನೋವೈದ್ಯರನ್ನೂ ಅವರು ಕಾಣಬೇಕು. ಇಲ್ಲಿ ನಿಮ್ಮ ಸೀಮೆಯ ಕಷ್ಟವೊಂದನ್ನು ಬಲ್ಲೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ರಾಯದುರ್ಗ, ಆದೋನಿ, ಆಲೂರು ತಾಲೂಕುಗಳನ್ನು ಆಂಧ್ರಕ್ಕೆ ಸೇರಿಸಿದಂದಿನಿಂದ ಕಚೇರಿಯ ಮಾತು ತೆಲುಗು, ಒಲೆಯ ಮುಂದಿನ ಮಾತು ಕನ್ನಡ. ಹೊಟ್ಟೆನೋವನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು. ಎದೆಯ ದುಃಖಕ್ಕೆ ತಾಯ್ನುಡಿಯೇ ಬೇಕು. ಬಳ್ಳಾರಿಗೆ ಹೋಗಿ ಕನ್ನಡ ಬಲ್ಲ ವೈದ್ಯರನ್ನು ಕಂಡರೆ ಲೇಸು. ಅದಕ್ಕೆ ಮೊದಲು 14416 ಸಂಖ್ಯೆಗೆ ಕರೆಮಾಡಿರಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಬದುಕಿ ಏನು ಪ್ರಯೋಜನ ಎಂಬಂಥ ಮಾತು ಅವರ ಬಾಯಲ್ಲಿ ಒಮ್ಮೆ ಬಂದರೂ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಶೇಂಗಾ ಬೆಳೆಗೆಂದು ತಂದ ಕೀಟನಾಶಕ ಮನೆಯಲ್ಲಿದ್ದರೆ, ಈ ಪತ್ರಿಕೆಯನ್ನು ಮಡಿಸಿಡುವ ಮೊದಲೇ ಅದನ್ನು ಬೇರೆಯವರ ವಶಕ್ಕೆ ಕೊಟ್ಟುಬಿಡಿರಿ.

ಇನ್ನು ಹಗರಿಯ ದಿಬ್ಬ. ಆಷಾಢದ ಗಾಳಿಗೆ ಎದ್ದು ಹೊಲಗಳನ್ನು ನುಂಗುವ ಆ ಮರಳನ್ನು ನಿಮ್ಮೂರಿನವರು ಶಪಿಸುತ್ತಾರೆ. ಆದರೆ ಆರು ವರ್ಷ ಮರಳುಗಾಡಿನಲ್ಲಿದ್ದು ಬಂದವರಿಗೆ ಸದ್ಯಕ್ಕೆ ಪರಿಚಯದ ನೆಲವೆಂದರೆ ಅದೊಂದೇ ಇರಬಹುದು. ಅವರನ್ನು ತಡೆಯಬೇಡಿರಿ, ಆದರೆ ಒಬ್ಬರನ್ನೇ ಕಳುಹಿಸಲೂಬೇಡಿರಿ. ನೀವೂ ಮಗನೂ ಜೊತೆಗೆ ಹೋಗಿರಿ. ಅಪ್ಪನ ಹತ್ತಿರ ಹೋಗೆಂದು ಹುಡುಗನನ್ನು ನೂಕದೆ, ಅವನ ಪಾಡಿಗೆ ಮರಳಿನಲ್ಲಿ ಆಡಲು ಬಿಡಿರಿ. ಹದಿನೈದು ದಿನಗಳ ಮೇಲೆ ಪರೀಕ್ಷೆಯ ಚೀಟಿಗಳೊಡನೆ ನನಗೆ ಮತ್ತೊಂದು ಕಾಗದ ಬರೆಯಿರಿ. ಹುಡುಗನು ಅಪ್ಪನಿಂದ ಎಷ್ಟು ದೂರದಲ್ಲಿ ಕುಳಿತು ಆಡಿದನೆಂಬುದನ್ನೂ ಅದರಲ್ಲಿ ತಿಳಿಸಿರಿ.