ಟ್ರಾನ್ಸಿಸ್ಟರ್ ವರ್ಧಕ

ಊರ ಜಾತ್ರೆಯಲ್ಲಿ ಹರಿಕಥೆ ನಡೆಯುತ್ತಿದೆ ಎಂದುಕೊಳ್ಳೋಣ. ದಾಸರು ಮೈಕಿನ ಮುಂದೆ ಮೆಲುದನಿಯಲ್ಲಿ ನುಡಿದ ಮಾತು ತೇರಿನ ಬೀದಿಯ ತುದಿಯಲ್ಲಿ ನಿಂತವರಿಗೂ ಕೇಳಿಸುತ್ತದೆ. ಮೈಕಿನಿಂದ ಹೊರಡುವ ವಿದ್ಯುತ್ ಸಂಕೇತವಾದರೋ ಕೆಲವೇ ಮಿಲಿವೋಲ್ಟುಗಳಷ್ಟು ಕ್ಷೀಣವಾದುದು. ಕಂಬಕ್ಕೆ ಕಟ್ಟಿದ ಸ್ಪೀಕರನ್ನು ಅದು ನೇರವಾಗಿ ನುಡಿಸಲಾರದು. ನಡುವೆ ಇರುವ ವರ್ಧಕವು ಆ ಕೆಲಸವನ್ನು ಸಾಧಿಸುತ್ತದೆ. ಹಾಗಾದರೆ ಇಲ್ಲದ ಶಕ್ತಿಯನ್ನು ವರ್ಧಕವು ಸೃಷ್ಟಿಸಿತೆ? ಶಕ್ತಿಯನ್ನು ಸೃಷ್ಟಿಸಲು ಸಾಧ್ಯವಿಲ್ಲವೆಂಬ ನಿಯಮವನ್ನು ನೀವು ಈಗಾಗಲೇ ಓದಿದ್ದೀರಿ.

ನೀರುಗಂಟಿಯು ಕೆರೆಯ ತೂಬನ್ನು ತುಸುವೇ ತೆರೆದರೂ ಕಾಲುವೆಯಲ್ಲಿ ನೀರು ಭೋರ್ಗರೆದು ಹರಿಯುತ್ತದೆ. ಆ ರಭಸ ಅವನ ತೋಳಿನದಲ್ಲ, ಕೆರೆಯಲ್ಲಿ ನಿಂತ ನೀರಿನದು. ಟ್ರಾನ್ಸಿಸ್ಟರು ಅಂಥದೊಂದು ತೂಬು. ಇಲ್ಲಿ ಕೆರೆಯ ಸ್ಥಾನದಲ್ಲಿರುವುದು ಬ್ಯಾಟರಿ.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟನ್ ಎಂಬ ವಿಜ್ಞಾನಿಗಳು ಜರ್ಮೇನಿಯಂ ಹರಳಿನ ಮೇಲೆ ಚಿನ್ನದ ಎರಡು ಅಂಚುಗಳನ್ನು ಒತ್ತಿಹಿಡಿದು ಮೊದಲ ಟ್ರಾನ್ಸಿಸ್ಟರನ್ನು ರಚಿಸಿದರು. ಮರುವರ್ಷ ವಿಲಿಯಂ ಶಾಕ್ಲಿ ಸಂಧಿ ಟ್ರಾನ್ಸಿಸ್ಟರಿನ ಕಲ್ಪನೆಯನ್ನು ರೂಪಿಸಿದರು. ಮೂವರಿಗೂ 1956ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಸಂಧಿ ಟ್ರಾನ್ಸಿಸ್ಟರಿನಲ್ಲಿ ಉತ್ಸರ್ಜಕ, ಆಧಾರ, ಸಂಗ್ರಾಹಕ ಎಂಬ ಮೂರು ಪದರಗಳಿವೆ. ನಡುವಣ ಆಧಾರವು ಬಹು ತೆಳು. ಉತ್ಸರ್ಜಕದಿಂದ ಹೊರಟ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಅದನ್ನು ದಾಟಿ ಸಂಗ್ರಾಹಕವನ್ನು ಸೇರುತ್ತವೆ. ನೂರಕ್ಕೆ ಒಂದರಷ್ಟು ಮಾತ್ರ ಆಧಾರದ ತಂತಿಯಲ್ಲಿ ಹೊರಬೀಳುತ್ತವೆ. ಈ ಒಂದು ಪಾಲನ್ನು ಹೆಚ್ಚುಕಡಿಮೆ ಮಾಡಿದರೆ ಉಳಿದ ಪಾಲೆಲ್ಲವೂ ಅದೇ ಪ್ರಮಾಣದಲ್ಲಿ ಏರಿಳಿಯುತ್ತದೆ.

ಒಂದು ಲೆಕ್ಕವನ್ನು ನೋಡೋಣ. 9 ವೋಲ್ಟಿನ ಬ್ಯಾಟರಿಗೂ ಸಂಗ್ರಾಹಕಕ್ಕೂ ನಡುವೆ 4,700 ಓಮ್ ರೋಧಕವಿದೆ. ಆಧಾರದಲ್ಲಿ 10 ಮೈಕ್ರೊಆಂಪಿಯರ್ ಹರಿದಾಗ ಸಂಗ್ರಾಹಕದಲ್ಲಿ ಅದರ ನೂರುಮಡಿ, ಎಂದರೆ 1 ಮಿಲಿಆಂಪಿಯರ್ ಹರಿಯಲಿ. ಆಗ ರೋಧಕದಲ್ಲಿ 4.7 ವೋಲ್ಟ್ ಕಳೆದು ಸಂಗ್ರಾಹಕದಲ್ಲಿ 4.3 ವೋಲ್ಟ್ ಉಳಿಯುತ್ತದೆ. ಮೈಕಿನ ಸಂಕೇತ ಸುಮಾರು 5 ಮಿಲಿವೋಲ್ಟ್ ಏರಿ ಆಧಾರದ ಪ್ರವಾಹವನ್ನು 2 ಮೈಕ್ರೊಆಂಪಿಯರಿನಷ್ಟು ಹೆಚ್ಚಿಸಿತೆನ್ನಿ. ಸಂಗ್ರಾಹಕದ ವಿಭವವು 0.94 ವೋಲ್ಟಿನಷ್ಟು ಇಳಿಯುತ್ತದೆ. ಒಳಬರುವುದು ಏರಿದರೆ ಹೊರಬರುವುದು ಇಳಿಯುವುದು ವಿಚಿತ್ರವೆನಿಸಬಹುದು. ಕಿವಿಗೆ ಮಾತ್ರ ಇದರಿಂದ ಭೇದವೇನೂ ತಿಳಿಯದು. ಸ್ಪೀಕರಿಗೆ ಇನ್ನೂ ಹೆಚ್ಚಿನ ಪ್ರವಾಹ ಬೇಕಾದುದರಿಂದ ಇಂಥ ಹಲವು ಹಂತಗಳನ್ನು ಜೋಡಿಸುತ್ತಾರೆ.

ಸಂಕೇತವಿಲ್ಲದಾಗಲೂ ಆಧಾರದಲ್ಲಿ 10 ಮೈಕ್ರೊಆಂಪಿಯರ್ ಹರಿಯುತ್ತಿದ್ದುದೇಕೆ? ಸಿಲಿಕಾನ್ ಟ್ರಾನ್ಸಿಸ್ಟರಿನ ಆಧಾರಕ್ಕೆ ಸುಮಾರು 0.6 ವೋಲ್ಟ್ ದೊರೆಯುವವರೆಗೆ ತೂಬು ತೆರೆಯುವುದೇ ಇಲ್ಲ. ಮೈಕಿನ ಮಿಲಿವೋಲ್ಟುಗಳು ಅದನ್ನು ಕದಲಿಸಲಾರವು. ಪ್ರಬಲ ಸಂಕೇತ ಬಂದರೂ ಅಲೆಯ ಮೇಲರ್ಧ ಮಾತ್ರ ದಾಟಿ, ಕೆಳಗಿನ ಅರ್ಧ ಕತ್ತರಿಸಿಹೋಗುತ್ತದೆ, ಹಾಡು ಕರ್ಕಶವಾಗುತ್ತದೆ. ಆದ್ದರಿಂದ ತೂಬನ್ನು ಮೊದಲೇ ಅರ್ಧ ತೆರೆದಿಡಬೇಕು. ಇದಕ್ಕೆ ಬಯಾಸ್ ಎಂದು ಹೆಸರು. ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಟ್ರಾನ್ಸಿಸ್ಟರು ಬಿಸಿಯಾದಂತೆ ಪ್ರವಾಹವು ತಾನಾಗಿ ಹೆಚ್ಚಿ ಈ ಏರ್ಪಾಡು ಕೆಡುತ್ತದೆ. ಅದಕ್ಕಾಗಿ ಆಧಾರದ ವಿಭವವನ್ನು ಎರಡು ರೋಧಕಗಳಿಂದ ಸ್ಥಿರವಾಗಿರಿಸಿ, ಉತ್ಸರ್ಜಕದ ದಾರಿಯಲ್ಲಿ ಮತ್ತೊಂದು ರೋಧಕವನ್ನು ಇಡುತ್ತಾರೆ. ಪ್ರವಾಹ ಹೆಚ್ಚಿದೊಡನೆ ಉತ್ಸರ್ಜಕದ ವಿಭವವೂ ಏರಿ, ಅದಕ್ಕೂ ಆಧಾರಕ್ಕೂ ಇರುವ ಅಂತರ ಕುಗ್ಗಿ, ಪ್ರವಾಹ ಹಿಂದಕ್ಕೆ ಸರಿಯುತ್ತದೆ. ಆದರೆ ಈ ರೋಧಕವು ಸಂಕೇತದ ವರ್ಧನೆಯನ್ನೂ ತಗ್ಗಿಸುತ್ತದೆ. ಅದನ್ನು ತಪ್ಪಿಸಲು ಅದರ ಪಕ್ಕದಲ್ಲಿ ಒಂದು ಕೆಪಾಸಿಟರನ್ನು ಜೋಡಿಸಿ, ಸಂಕೇತಕ್ಕೆ ಬೇರೆ ದಾರಿ ಮಾಡಿಕೊಡುತ್ತಾರೆ.