ಗುಂಪಿನ ವಿಳಾಸಗಳೂ ಕಾರ್ಡಿನ ಜರಡಿಯೂ

ಅಂಚೆಯವನು ಕಾಗದವನ್ನು ಒಬ್ಬನಿಗೆ ಕೊಡುವನು. ಡಂಗುರದವನು ಊರಿಗೆಲ್ಲ ಸಾರುವನು. ಗಣಕಯಂತ್ರಗಳ ಜಾಲದಲ್ಲಿ ಇವೆರಡರ ನಡುವಣ ಮೂರನೆಯ ಬಗೆಯೊಂದುಂಟು: ಬೇಕೆಂದು ಹೆಸರು ಬರೆಸಿದವರಿಗಾಗಿ ಕಳುಹಿಸುವ ಸಂದೇಶ. ಇದಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು. ಈ ಹೆಸರು ಬರೆಸುವ ಕೆಲಸವು ಯಂತ್ರದೊಳಗೆ ಹೇಗೆ ನಡೆಯುವುದೆಂಬುದನ್ನು ನೋಡೋಣ.

ಈಥರ್‌ನೆಟ್ ವಿಳಾಸದಲ್ಲಿ 48 ಬಿಟ್ಟುಗಳಿರುವುವು. ಮೊದಲ ಬೈಟಿನ ಕೊನೆಯ ಬಿಟ್ಟು 1 ಆಗಿದ್ದರೆ ಅದು ಗುಂಪಿನ ವಿಳಾಸ. ಇಂಥ ಪೊಟ್ಟಣಗಳೆಲ್ಲವನ್ನೂ ಕರ್ನೆಲ್ಲೇ ಬಿಚ್ಚಿ ನೋಡುವುದಾದರೆ ಯಂತ್ರದ ಹೊತ್ತು ವ್ಯರ್ಥವಾಗುವುದು. ಆದುದರಿಂದ ಜಾಲದ ಕಾರ್ಡಿನಲ್ಲಿಯೇ ಒಂದು ಜರಡಿಯನ್ನು ಇಟ್ಟಿರುವರು. ಹಲವು ಕಾರ್ಡುಗಳಲ್ಲಿ ಇದು 64 ಮನೆಗಳ ಕೋಷ್ಟಕ. ಬಂದ ವಿಳಾಸದಿಂದ ಸಿ.ಆರ್.ಸಿ. ಎಂಬ ಶೇಷವನ್ನು ಕಾರ್ಡು ಲೆಕ್ಕಹಾಕಿ, ಅದರ 6 ಬಿಟ್ಟುಗಳು ತೋರುವ ಮನೆಯನ್ನು ನೋಡುವುದು. ಅಲ್ಲಿ 1 ಇದ್ದರೆ ಪೊಟ್ಟಣ ಒಳಕ್ಕೆ. 0 ಇದ್ದರೆ ಹೊರಕ್ಕೆ.

ಮನೆಗಳು 64 ಮಾತ್ರವಾದುದರಿಂದ ಬೇರೆಬೇರೆ ವಿಳಾಸಗಳು ಒಂದೇ ಮನೆಯನ್ನು ಹಂಚಿಕೊಳ್ಳಬೇಕಾಗುವುದು. ಹತ್ತು ವಿಳಾಸಗಳಿದ್ದರೆ ಯಾವುವಾದರೂ ಎರಡು ಒಂದೇ ಮನೆಗೆ ಬೀಳುವ ಸಂಭವವು ಅರ್ಧಕ್ಕಿಂತ ತುಸು ಹೆಚ್ಚು. ಸಂಭವನೀಯತೆಯ ಪಾಠವನ್ನು ಓದಿದ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಇದರಿಂದ ಬೇಡದ ಪೊಟ್ಟಣವೊಂದು ಒಳಗೆ ಬಂದರೆ ಹಾನಿಯಿಲ್ಲ. ಕರ್ನೆಲ್ ಅದನ್ನು ಎಸೆದುಬಿಡುವುದು.

ತೊಡಕಿರುವುದು ಹೆಸರನ್ನು ತೆಗೆಸುವಾಗ. ಒಂದು ಗುಂಪನ್ನು ಬಿಟ್ಟೊಡನೆ ಕಾರ್ಡನ್ನು ನಡೆಸುವ ಡ್ರೈವರು ಅದರ ಮನೆಯಲ್ಲಿ 0 ಬರೆದಿತೆನ್ನೋಣ. ಅದೇ ಮನೆಯಲ್ಲಿದ್ದ ಇನ್ನೊಂದು ಗುಂಪಿಗೂ ಅಂದಿನಿಂದ ಬಾಗಿಲು ಮುಚ್ಚಿತು! ದೋಷಸೂಚನೆಯೇನೂ ಬಾರದು, ಯಂತ್ರವು ಸುಮ್ಮನೆ ಕಿವುಡಾಗುವುದು. ಐ.ಪಿ. ಆರನೆಯ ಆವೃತ್ತಿಯಲ್ಲಿ ನೆರೆಯ ಯಂತ್ರವನ್ನು ಹುಡುಕುವುದೂ ಮಲ್ಟಿಕಾಸ್ಟಿನಿಂದಲೇ ಆದುದರಿಂದ, ಆ ಯಂತ್ರವು ಇತರರಿಗೆ ಸಿಕ್ಕದೆಯೇ ಹೋಗಬಹುದು. ಕಾರಣವನ್ನು ತಿಳಿಯಲು ಪೊಟ್ಟಣಗಳನ್ನು ಹಿಡಿದು ತೋರಿಸುವ ಉಪಕರಣವನ್ನು ಓಡಿಸಿದೆವೋ, ಅದು ಸಾಮಾನ್ಯವಾಗಿ ಜರಡಿಯನ್ನೇ ತೆರೆದಿಡುವುದು, ರೋಗವು ಮಾಯ! ವೈದ್ಯನನ್ನು ಕಂಡೊಡನೆ ಹಲ್ಲುನೋವು ನಿಂತಂತೆ.

ಲಿನಕ್ಸ್ ಕರ್ನೆಲ್ಲಿನ ಕ್ರಮವು ಸರಳವಾದುದು. ಡ್ರೈವರಿಗೆ ಅದು 'ಇದನ್ನು ಸೇರಿಸು, ಅದನ್ನು ತೆಗೆ' ಎಂದು ಹೇಳುವುದಿಲ್ಲ. ಈಗ ಬೇಕಾಗಿರುವ ವಿಳಾಸಗಳ ಪೂರ್ಣ ಪಟ್ಟಿಯನ್ನೇ ಮುಂದಿಡುವುದು. ಡ್ರೈವರು ಸೊನ್ನೆಗಳಿಂದ ತೊಡಗಿ ಹೊಸ ಕೋಷ್ಟಕವನ್ನು ಕಟ್ಟಿ ಕಾರ್ಡಿಗೆ ಬರೆಯಬೇಕು.

ಪಟ್ಟಿಯಲ್ಲಿಯೂ ಒಂದು ಎಚ್ಚರಿಕೆಯುಂಟು. 224.1.2.3 ಮತ್ತು 225.1.2.3 ಎಂಬ ಎರಡು ಗುಂಪುಗಳಿಗೂ ಈಥರ್‌ನೆಟ್ ವಿಳಾಸವು ಒಂದೇ, ಏಕೆಂದರೆ ಐ.ಪಿ. ವಿಳಾಸದ ಕೊನೆಯ 23 ಬಿಟ್ಟುಗಳು ಮಾತ್ರ ಅದರೊಳಗೆ ಸೇರುವುವು. ಆದುದರಿಂದ ಪ್ರತಿ ವಿಳಾಸಕ್ಕೂ ಎಷ್ಟು ಮಂದಿ ಕೇಳಿರುವರೆಂಬ ಎಣಿಕೆಯನ್ನು ಕರ್ನೆಲ್ ಇಟ್ಟಿರುವುದು. ಅದು ಸೊನ್ನೆಗೆ ಇಳಿದ ಮೇಲೆಯೇ ವಿಳಾಸವು ಪಟ್ಟಿಯಿಂದ ಹೋಗುವುದು.